ಒಂಬತ್ತನೇ ಪುಟದ ಮೆಣಸಿನಕಾಯಿ

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹುಸೇನ್‌ಸಾಬ್ ಒಂದು ತಗಡಿನ ಡಬ್ಬಿ ಅಂಗಡಿ ಇಟ್ಟಿದ್ದ. ಅದರಲ್ಲಿ ಬೀಡಿ ಇರಲಿಲ್ಲ, ಬಿಸ್ಕೀಟು ಇರಲಿಲ್ಲ, ಇದ್ದದ್ದೆಲ್ಲ ಚಿತ್ರಕಥೆ ಪುಸ್ತಕ. ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಪುಸ್ತಕ, ಗೋಣಿಚೀಲದಲ್ಲಿ ತುರುಕಿದ ಪುಸ್ತಕ, ಅವನು ಕೂರುವ ಹಲಗೆಯ ಕೆಳಗೂ ಪುಸ್ತಕ. ಒಂದು ದಿನದ ಬಾಡಿಗೆಗೆ ಒಯ್ಯಬೇಕು, ಮರುದಿನ ತಂದುಕೊಡಬೇಕು. ತರದಿದ್ದರೆ ಹುಸೇನ್‌ಸಾಬ್ ಮನೆ ಬಾಗಿಲಿಗೇ ಬಂದು ನಿಂತು ಅಪ್ಪನ ಹೆಸರು ಹಿಡಿದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದ. ಆ ಮರ್ಯಾದೆಗೆ ಹೆದರಿ ಎಲ್ಲರೂ ತಂದುಕೊಡುತ್ತಿದ್ದರು.

ಅವನ ಪುಸ್ತಕಗಳಿಗೆ ಹೊರಮುಖ ಅಂತ ಇರುತ್ತಿರಲಿಲ್ಲ. ರಾಯಚೂರಿನಿಂದ ಶನಿವಾರದ ಬಸ್ಸಿಗೆ ಹಳೇ ಪುಸ್ತಕದ ಕಟ್ಟು ಬರುವುದು. ಹರಿದ ಮುಖಪುಟ ಕಿತ್ತು ಬಿಸಾಕಿ, ಗೊಬ್ಬರದಂಗಡಿಯ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿ, ದಬ್ಬಣದಲ್ಲಿ ಹೊಲಿದುಬಿಡುವನು. ಹೊರಗಿನಿಂದ ನೋಡಿದರೆ ಎಲ್ಲ ಪುಸ್ತಕವೂ ಲಕ್ಷ್ಮಿ, ಇಲ್ಲವೇ ಗಣಪತಿ, ಇಲ್ಲವೇ ಯೂರಿಯಾ ಚೀಲ. ಒಳಗಾದರೂ ಏನು ದೊಡ್ಡ ಫರಕು? ಅದೇ ರಾಜ, ಅದೇ ರಾಕ್ಷಸ, ಅದೇ ಕರೀ ಕೋಟಿನ ಪತ್ತೇದಾರ. ಓದಿದ್ದು ಯಾವುದು, ಓದದೇ ಇದ್ದದ್ದು ಯಾವುದು ಎಂದು ಆ ದೇವರಿಗೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೆಂದೇ ಓದುವವರು ಒಂದು ಉಪಾಯ ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೂ ಒಂದೊಂದು ಗುರುತು. ಪುಸ್ತಕ ಓದಿ ಮುಗಿಸಿದ ಮೇಲೆ ಒಂಬತ್ತನೇ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಆ ಗುರುತು ಹಾಕಬೇಕು. ಮುಂದಿನ ಸಲ ಪುಸ್ತಕ ಕೈಗೆ ಬಂದಾಗ ಹೆಸರು ನೋಡುವುದಿಲ್ಲ, ಚಿತ್ರ ನೋಡುವುದಿಲ್ಲ, ನೇರ ಒಂಬತ್ತನೇ ಪುಟ. ಗುರುತಿದ್ದರೆ ಓದಿದ್ದು, ಇಲ್ಲದಿದ್ದರೆ ಹೊಸದು. ಕಂಪೌಂಡರ್ ನರಸಣ್ಣನದು ಪ್ಲಸ್ ಚಿಹ್ನೆ. ಟೇಲರ್ ಇಮಾಮ್‌ಸಾಬನದು ಕತ್ತರಿ. ಒಬ್ಬರ ಗುರುತನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಹೀಗೇ ಇರಬೇಕು ಅಂತ ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ನಡೆಸಿಕೊಂಡು ಬಂದಿದ್ದರು.

ಗ್ಯಾನಮ್ಮನ ಗುರುತು ಮೂರು ಚುಕ್ಕಿ. ಅವಳ ಅಪ್ಪ ಬಾಲಪ್ಪ ಕಾಲುವೆ ಆಫೀಸಿನಲ್ಲಿ ಜವಾನ. ಅವಳ ಗೆಳತಿ ಕರೆಮ್ಮ, ಸೊಪ್ಪು ಮಾರುವ ಮುದುಕಮ್ಮ ಎಂಬುವಳ ಒಬ್ಬಳೇ ಮಗಳು. ಕರೆಮ್ಮನ ಗುರುತು ಮೆಣಸಿನಕಾಯಿ. ಯಾಕೆಂದರೆ ಅವಳು ಹಸಿ ಮೆಣಸಿನಕಾಯಿ ಇಲ್ಲದೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಅವಳು ಎಡಚಿ. ಸಾಲೆಯಲ್ಲಿ ಮಾಸ್ತರು ಎಡಗೈಗೆ ಬರೆ ಬರುವಂತೆ ಹೊಡೆದರೂ ಬಳಪ ಮತ್ತೆ ಎಡಗೈಗೇ ಹೋಗುತ್ತಿತ್ತು. ಇಬ್ಬರೂ ನಾಲ್ಕನೆಯ ಇಯತ್ತೆ, ಇಬ್ಬರೂ ಒಂದೇ ಓಣಿ, ಒಬ್ಬಳ ಮೂಗಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುತ್ತಿದ್ದಳು.

ಕರೆಮ್ಮನಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಪುಸ್ತಕ ಮೊದಲು ತಾನು ಓದಿದಳೋ, ಮುಗಿಯಿತು. ಗ್ಯಾನಿ ಇನ್ನೂ ಎರಡನೇ ಪುಟದಲ್ಲಿರುವಾಗಲೇ ಬಂದು, "ಕಡೀಗೆ ಮಂತ್ರಿನೇ ಕಳ್ಳ ಬೇ" ಎಂದು ಒದರಿ ಹಲ್ಲು ಕಿಸಿಯುವಳು. ಗ್ಯಾನಿಗೆ ಅಳುವೇ ಬರುತ್ತಿತ್ತು. ಎಷ್ಟು ಸಲ ಜಗಳವಾಡಿದ್ದಳೋ! ಒಂದೇ ಒಂದು ಸಲ ತಾನು ಮೊದಲು ಓದಬೇಕು, ಕರೆಮ್ಮನ ಮುಂದೆ ಕೂತು ಕಥೆ ಹೇಳಬೇಕು, ಕಡೆಯದನ್ನು ಮಾತ್ರ ಹೇಳದೆ ಸತಾಯಿಸಬೇಕು ಎಂದು ಅವಳ ಆಸೆ. ಹತ್ತು ವರ್ಷದ ಹುಡುಗಿಯ ಆಸೆ ಇಷ್ಟೇ, ಇದಕ್ಕಿಂತ ದೊಡ್ಡದೇನಲ್ಲ.

ಎಂಬತ್ತಾರನೆಯ ಇಸವಿಯ ದಸರೆಗೆ ಮುಂಚಿನ ಶನಿವಾರ. ಸಂಜೆ ಕಟ್ಟು ಬಂದಿತ್ತು. ಆರು ಪುಸ್ತಕದಲ್ಲಿ ಐದು ಇದೇ ಅಂಗಡಿಯಿಂದ ರದ್ದಿಗೆ ಹೋಗಿ ಗುರುತು ಸಮೇತ ತಿರುಗಿ ಬಂದವು, ಹೊಸದು ಒಂದೇ. ಹುಸೇನ್‌ಸಾಬ್ ಅದಕ್ಕೂ ಕ್ಯಾಲೆಂಡರಿನ ಗಣಪತಿ ಅಂಟಿಸಿ, ಗ್ಯಾನಿಯನ್ನು ಹಲಗೆಯ ಮೇಲೆ ಕೂರಿಸಿ, "ನೋಡ್ಕೊಂತ ಕುಂದ್ರು ಬೇಟಿ, ನಮಾಜ್ ಮಾಡಿ ಬರ್ತೀನಿ" ಎಂದು ಮಸೀದಿಗೆ ಹೋದ. ಗ್ಯಾನಿ ಪುಸ್ತಕ ಬಿಚ್ಚಿದಳು. ಊರಿಗೆಲ್ಲ ಕತ್ತಲೆ ಕವಿದಿದೆ, ದೀಪ ತರಲು ಒಬ್ಬ ಹುಡುಗಿ ಪಾಳುಬಾವಿಗೆ ಇಳಿಯುತ್ತಿದ್ದಾಳೆ. ಬಾವಿಯ ಗೋಡೆಯಿಂದ ಕೈಗಳು ಹೊರಬರುತ್ತಿವೆ. ಗ್ಯಾನಿಯ ಮೈ ಜುಮ್ಮೆಂದಿತು. ಆದರೆ ಮರುದಿನ ಭಾನುವಾರ ಮೊದಲು ಆರಿಸುವ ಪಾಳಿ ಕರೆಮ್ಮನದು.

ಆಗ ಅವಳ ತಲೆಯಲ್ಲಿ ಅದೇನು ಹೊಕ್ಕಿತೋ. ಹಗ್ಗಕ್ಕೆ ಕಟ್ಟಿದ್ದ ಪೆನ್ಸಿಲ್ ಎಳೆದುಕೊಂಡು, ಒಂಬತ್ತನೇ ಪುಟದ ಮೂಲೆಯಲ್ಲಿ ಒಂದು ಮೆಣಸಿನಕಾಯಿ ಬರೆದಳು. ತೊಟ್ಟು ಬರೆದಳು, ಬಾಗಿದ ಚುಂಚು ಬರೆದಳು, ಊದಿ ಪುಸ್ತಕ ಮುಚ್ಚಿದಳು. ಬಾಯಿಯ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಕರೆಮ್ಮ ಬಂದವಳೇ ಆರೂ ಪುಸ್ತಕದ ಒಂಬತ್ತನೇ ಪುಟ ತಿರುವಿದಳು. ಮುಖ ಸಪ್ಪಗಾಯಿತು.

"ಅಯ್ಯ, ಇದೂ ಓದಿದ್ದ ಐತಿ. ಯಾವಾಗ ಓದಿದ್ನೋ, ಒಂಚೂರೂ ನೆನಪಿಲ್ಲ ನೋಡು."

"ಅದು ನಿನ್ನೆ ಬಂದಿದ್ದಲ್ಲ?" ಎಂದ ಹುಸೇನ್‌ಸಾಬ್.

"ನನ್ನ ಮೆಣಸಿನಕಾಯಿ ಐತಿ ಕಾಕಾ."

"ಹಂಗಾರ ಹಳೇದು ಹೊಸದರಾಗ ಬೆರ್ತೈತೇನೋ." ಅವನೂ ಅಷ್ಟಕ್ಕೇ ಬಿಟ್ಟ. ಆ ಅಂಗಡಿಯಲ್ಲಿ ನೆನಪಿಗಿಂತ ಗುರುತೇ ದೊಡ್ಡದು.

ಕರೆಮ್ಮ ಪುಸ್ತಕವನ್ನು ಗ್ಯಾನಿಯ ಕೈಗೆ ಹಾಕಿದಳು. "ನೀ ಒಯ್ಯಿ. ಪುಸ್ತಕ ಸಿಕ್ಕಿದ್ರ ಮನ್ಯಾಗ ಕುಂದರ್ತಿದ್ದೆ. ಈಗ ಅವ್ವನ ಸಂಗಾಟ ಕಾಲುವೆಗೆ ಹೋಕ್ಕೀನಿ, ಕೌದಿ ಒಗಿಯಾವು ಅದಾವ. ಸಂಜೀಕ ಬಂದು ಕಥಿ ಹೇಳು, ಹಾಂ? ಪೂರಾ ಹೇಳಬೇಕು ಮತ್ತ."

"ಹೇಳ್ತೀನಿ ತಗೋ" ಎಂದಳು ಗ್ಯಾನಿ.

ದಸರೆಗೆ ಮೊದಲು ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯಲೇಬೇಕು. ಅವತ್ತು ಕಾಲುವೆ ದಂಡೆಯ ತುಂಬ ಹೆಂಗಸರು. ಹಳೇ ಸೀರೆ ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ, ನೀರು ಕುಡಿದರೆ ಎತ್ತಲು ಎರಡಾಳು ಬೇಕು. ಒಂದು ತುದಿ ಮುದುಕಮ್ಮ ಹಿಡಿದಿದ್ದಳು, ಇನ್ನೊಂದು ತುದಿ ಕರೆಮ್ಮ. ನೀರಿನ ಸೆಳೆತಕ್ಕೆ ಕೌದಿ ಹರಿಯುವ ಕಡೆ ಜಗ್ಗಿತು. ತಾಯಿಯ ಕೈ ಜಾರಿತು. ಮಗಳು ಮಾತ್ರ ಬಿಡಲಿಲ್ಲ. ಕೌದಿಯ ಜೊತೆಗೇ ಹೋದಳು.

ಗ್ಯಾನಿ ಕಟ್ಟೆಯ ಮೇಲೆ ಕೂತು ಒಂಬತ್ತನೇ ಪುಟಕ್ಕೆ ಬಂದಿದ್ದಳು. ಓಣಿಯಲ್ಲಿ ಹೆಂಗಸರು ಬಾಯಿ ಬಡಿದುಕೊಂಡು ಓಡುತ್ತಿದ್ದರು. "ಮುದುಕವ್ವನ ಮಗಳು ಕಾಲುವ್ಯಾಗ ಹೋದ್ಲಂತ್ರೋ!" ಮರುದಿನ ಮಧ್ಯಾಹ್ನ ಜವಳಗೇರಾದ ಕಡೆ ತೂಬಿನ ಹತ್ತಿರ ಸಿಕ್ಕಳು. ಕೌದಿಯ ಅಂಚು ಎಡಗೈಯಲ್ಲಿ ಹಾಗೇ ಇತ್ತಂತೆ. ಬಾಲಪ್ಪನೇ ಆಫೀಸಿನವರ ಜೊತೆ ಹೋಗಿ ನೋಡಿ ಬಂದು, ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ.

ಗ್ಯಾನಿ ಆ ಪುಸ್ತಕವನ್ನು ಮುಂದೆ ಓದಲಿಲ್ಲ. ಮೂರನೇ ದಿನ ಅಂಗಡಿಯ ಹಲಗೆಯ ಮೇಲೆ ಇಟ್ಟು ಓಡಿಬಂದಳು. ಯಾರಿಗೂ ಏನೂ ಹೇಳಲಿಲ್ಲ. ಏನಂತ ಹೇಳುವುದು? ನಾನೊಂದು ಮೆಣಸಿನಕಾಯಿ ಬರೆದೆ, ಅದಕ್ಕೆ ಕರೆಮ್ಮ ಸತ್ತಳು ಅಂತಲೇ?

ಹಬ್ಬ ಮುಗಿದು ಹದಿನೈದು ದಿನಕ್ಕೆ ಒಂದು ತುಂಡು ರಬ್ಬರು ಮುಷ್ಟಿಯಲ್ಲಿ ಹಿಡಿದು ಅಂಗಡಿಗೆ ಹೋದಳು. ಆ ಗುರುತು ಒರೆಸಿಬಿಟ್ಟರೆ ಆಯಿತು ಎಂದು ಅವಳ ಲೆಕ್ಕ. ಪುಸ್ತಕ ಇರಲಿಲ್ಲ. ಹಗ್ಗದಲ್ಲಿ ಇಲ್ಲ, ಚೀಲದಲ್ಲಿ ಇಲ್ಲ, ಹಲಗೆಯ ಕೆಳಗೂ ಇಲ್ಲ.

"ಬಾವೀದು ಕಾಕಾ, ಗಣಪತಿದು..."

"ಒಯ್ದಾರ" ಎಂದ ಹುಸೇನ್‌ಸಾಬ್, ಬೇರೆ ಕಡೆ ನೋಡುತ್ತ. ಯಾರು ಎಂದು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಬರಿಗೈಯಲ್ಲಿ ಹೋದರೆ ಸಂಶಯ ಬಂದೀತೆಂದು ಆ ವಾರದ ಹೊಸ ಪುಸ್ತಕ ಒಂದನ್ನು ಎತ್ತಿಕೊಂಡಳು. ರೂಢಿಯ ಕೈ ತಾನಾಗಿಯೇ ಒಂಬತ್ತನೇ ಪುಟ ತೆರೆಯಿತು. ಅಲ್ಲಿ ಮೆಣಸಿನಕಾಯಿ ಇತ್ತು. ಹಿಂದಿನ ದಿನವಷ್ಟೇ ರಾಯಚೂರಿನಿಂದ ಬಂದ ಪುಸ್ತಕ, ಅದರಲ್ಲಿ ಕರೆಮ್ಮನ ಗುರುತು. ಚುಂಚು ಎಡಕ್ಕೆ ಬಾಗಿತ್ತು.

ಗ್ಯಾನಿ ಪುಸ್ತಕ ಕೆಳಗೆ ಹಾಕಿದಳು. ಹಳೇ ಪುಸ್ತಕಗಳನ್ನು ಎಳೆದೆಳೆದು ನೋಡಿದಳು. ಕರೆಮ್ಮನ ಮೆಣಸಿನಕಾಯಿಗಳೆಲ್ಲ ಎಡಕ್ಕೇ ಬಾಗಿದ್ದವು. ಎಡಗೈಯವಳಲ್ಲವೇ! ಮತ್ತೆ ತಾನು ಬರೆದದ್ದು? ಅದರ ಚುಂಚು ಬಲಕ್ಕೆ ಇತ್ತು. ಅದು ಈಗಲೇ ಅವಳಿಗೆ ಹೊಳೆದದ್ದು. ಆ ಪುಸ್ತಕ ಯಾರ ಕೈಯಲ್ಲಿದೆಯೋ ಅವರು ಒಂದು ಸಲ ಸರಿಯಾಗಿ ನೋಡಿದರೆ ಸಾಕು, ಅದು ಕರೆಮ್ಮನದಲ್ಲ ಎಂದು ತಿಳಿದುಬಿಡುತ್ತದೆ.

ಮುಂದಿನ ವಾರ ಬಂದ ಪುಸ್ತಕದಲ್ಲೂ ಮೆಣಸಿನಕಾಯಿ. ಅದರ ಮುಂದಿನ ವಾರವೂ. ಕಂಪೌಂಡರ್ ನರಸಣ್ಣ ನೋಡಿ ಏನೂ ಅನ್ನದೆ ಪುಟ ಮಗುಚುತ್ತಿದ್ದ, ದೊಡ್ಡವರು ಯಾರೂ ಅದರ ಮಾತೇ ಎತ್ತುತ್ತಿರಲಿಲ್ಲ. ಸತ್ತ ಕರೆಮ್ಮ ಎಲ್ಲರಿಗಿಂತ ಮೊದಲು ಬಂದು ಓದಿಹೋಗುತ್ತಿದ್ದಾಳೆ ಎಂದು ಗ್ಯಾನಿ ನಂಬಿದಳು. ಮೋಸದಿಂದ ತಪ್ಪಿಸಿದ ಪುಸ್ತಕವನ್ನು ಹುಡುಕುತ್ತಿದ್ದಾಳೆ ಎಂದೂ ನಂಬಿದಳು. ಜ್ವರ ಬಂತು. ತಾಯಿ ದರ್ಗಾಕ್ಕೆ ಕರೆದೊಯ್ದು ಕೈಗೆ ದಾರ ಕಟ್ಟಿಸಿದಳು. ದಾರಕ್ಕೇನು ಗೊತ್ತು ಪಾಪ, ಹೊಟ್ಟೆಯೊಳಗಿನ ಮಾತು.

ಎಂಬತ್ತೇಳರ ಬೇಸಿಗೆಯಲ್ಲಿ ಬಾಲಪ್ಪನಿಗೆ ಲಿಂಗಸುಗೂರಿಗೆ ವರ್ಗವಾಯಿತು. ಟ್ರ್ಯಾಕ್ಟರಿನಲ್ಲಿ ಸಾಮಾನಿನ ಮೇಲೆ ಕೂತ ಗ್ಯಾನಿ ಊರು ದಾಟುವವರೆಗೆ ಹಿಂದಕ್ಕೆ ತಿರುಗಲಿಲ್ಲ. ಬಚಾವಾದೆ ಅಂದುಕೊಂಡಳು. ಎಲ್ಲಿಯ ಬಚಾವು! ಲಿಂಗಸುಗೂರಿನಲ್ಲಿ ಹೊಸ ಪಠ್ಯಪುಸ್ತಕ ಕೊಟ್ಟ ದಿನವೇ ಅವಳ ಕೈ ಮೊದಲು ಒಂಬತ್ತನೇ ಪುಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆದರೆ ಏಳನೆಯ ಇಯತ್ತೆಯಲ್ಲಿ ಒಂದು ದಿನ ಗಣಿತದ ನೋಟ್‌ಬುಕ್ಕಿನ ಅಂಚಿನ ತುಂಬ ಮೆಣಸಿನಕಾಯಿಗಳಿದ್ದವು. ಕಿರುಚಬೇಕು ಅನ್ನುವಷ್ಟರಲ್ಲಿ ಚುಂಚು ನೋಡಿದಳು. ಎಲ್ಲವೂ ಬಲಕ್ಕೆ. ಮಾಸ್ತರು ಪಾಠ ಹೇಳುವಾಗ ತನ್ನದೇ ಕೈ ತನಗೇ ತಿಳಿಯದೆ ಬರೆದಿತ್ತು. ಚಿತ್ರಕಥೆ ಪುಸ್ತಕವನ್ನಂತೂ ಅವಳು ಆಮೇಲೆ ಮುಟ್ಟಲೇ ಇಲ್ಲ. ಬಾವಿಗೆ ಇಳಿದ ಹುಡುಗಿ ಮೇಲೆ ಬಂದಳೋ ಇಲ್ಲವೋ ಅದೂ ಗೊತ್ತಾಗಲಿಲ್ಲ.

ತೊಂಬತ್ತೇಳರಲ್ಲಿ ಗ್ಯಾನಮ್ಮ ಮಸ್ಕಿಯ ಒಂದು ಸಾಲೆಗೆ ಟೀಚರಾಗಿ ಬಂದಳು. ವಯಸ್ಸು ಇಪ್ಪತ್ತೊಂದು. ಒಂದು ದಿನ ಹೆಡ್‌ಮಾಸ್ತರು ಮಕ್ಕಳು ಓದಲಿ ಎಂದು ರದ್ದಿ ವ್ಯಾಪಾರಿಯಿಂದ ಒಂದು ಚೀಲ ಪುಸ್ತಕ ತರಿಸಿದರು. ಬಾಯಿ ಬಿಚ್ಚಿ ಸುರುವಿದರೆ ಲಕ್ಷ್ಮಿ, ಗಣಪತಿ, ಯೂರಿಯಾ ಚೀಲ. ಹೊಲಿಗೆ ಹುಸೇನ್‌ಸಾಬನದೇ. ಗ್ಯಾನಮ್ಮನಿಗೆ ಓಡಿಹೋಗೋಣ ಅನ್ನಿಸಿತು. ಮಕ್ಕಳ ಮುಂದೆ ಮರ್ಯಾದೆ ಕಳೆದುಕೊಳ್ಳಬಾರದೆಂದು ನಿಂತೇ ಒಂದೊಂದನ್ನೂ ತೆರೆದಳು. ಒಂಬತ್ತನೇ ಪುಟ, ಮೆಣಸಿನಕಾಯಿ. ಇನ್ನೊಂದು, ಅದರಲ್ಲೂ ಮೆಣಸಿನಕಾಯಿ. ಚುಂಚು ಎಡಕ್ಕೆ. ಮೊದಲ ಪುಟದ ಕೆಳಗೆ ಅಚ್ಚಾದ ಇಸವಿ ತೊಂಬತ್ತೊಂದು, ತೊಂಬತ್ಮೂರು, ತೊಂಬತ್ತೈದು. ತಾನು ಬಿಟ್ಟುಬಂದ ಓಣಿಯಲ್ಲಿ ಇಷ್ಟು ವರ್ಷವೂ ಕರೆಮ್ಮ ಓದುತ್ತಲೇ ಇದ್ದಳು.

ಹೆದರಿಕೆಗೂ ಒಂದು ಕೊನೆ ಅಂತ ಇರುತ್ತದೆ. ಶನಿವಾರ ಮುಂಜಾನೆಯ ಸಾಲೆ ಬಿಟ್ಟಿದ್ದೇ ಗ್ಯಾನಮ್ಮ ಸಿಂಧನೂರಿನ ಬಸ್ಸು ಹತ್ತಿದಳು. ಏನಾದರಾಗಲಿ, ಇವತ್ತು ಬಾಯಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಡಬ್ಬಿ ಅಂಗಡಿಯ ಜಾಗದಲ್ಲಿ ಎಸ್‌ಟಿಡಿ ಬೂತ್ ಇತ್ತು. ಅದರ ಮುಂದಿನ ಕಲ್ಲಿನ ಮೇಲೆ ಗಡ್ಡ ಬೆಳ್ಳಗಾದ ಹುಸೇನ್‌ಸಾಬ್ ಕೂತಿದ್ದ. ಅವನಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮೂರು ಚುಕ್ಕಿ!" ಎಂದ ಆಮೇಲೆ. "ಬಾಲಪ್ಪನ ಮಗಳಲ್ಲೇನು ನೀ?"

ಅವಳು ಸುತ್ತುಬಳಸಿ ಮಾತಾಡಲಿಲ್ಲ. "ಕಾಕಾ, ಆ ಮೆಣಸಿನಕಾಯಿ ಯಾರು ಹಾಕ್ತಿದ್ರು?"

ಮುದುಕ ನಕ್ಕ, ನಗು ಅಲ್ಲೇ ನಿಂತಿತು. "ನಿನಗ ಗೊತ್ತಿಲ್ಲೇನು? ಓಣಿಗೆಲ್ಲ ಗೊತ್ತಿತ್ತಲ್ಲ ಬೇಟಿ. ಆಕಿ ಅವ್ವ. ಪ್ರತಿ ಶನಿವಾರ ಸೊಪ್ಪಿನ ಬುಟ್ಟಿ ಇಳಿಸಿ ಬರ್ತಿದ್ದಳು. 'ಹೊಸಾವು ಬಂದಾವೇನ್ ಸಾಹೇಬ್ರ, ನನ್ನ ಮಗಳು ಹಿಂದ ಬಿದ್ದಾಳು' ಅಂತಿದ್ದಳು. ಅಕ್ಷರ ಬರಂಗಿಲ್ಲ, ಒಂದ ಮೆಣಸಿನಕಾಯಿ ಬರ್ತಿತ್ತು. ಬ್ಯಾಡ ಅನ್ನಾಕ ನನಗ ಬಾಯಿ ಬರ್ತದೇನು? ಅಂಗಡಿ ಮುಚ್ಚೋತನಕ ಬಂದಳು."

"ಆ ಬಾವಿ ಪುಸ್ತಕ?"

"ಅದು ಆಕಿ ಹತ್ರನ ಐತಿ. ಹುಡುಗಿ ಹೋಗಿ ಎಂಟು ದಿನಕ್ಕ ಬಂದು, ಕಡೀ ದಿನ ಯಾವ ಪುಸ್ತಕ ಮುಟ್ಟಿದ್ದಳು ಅಂತ ಕೇಳಿದಳು. ಕೊಟ್ಟೆ."

ಇಷ್ಟು ವರ್ಷ ಹೆದರಿದ್ದು ಒಬ್ಬ ತಾಯಿಗೆ ಎಂದು ತಿಳಿದಾಗ ಗ್ಯಾನಮ್ಮನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ದೆವ್ವವಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ದೆವ್ವಕ್ಕಾದರೆ ಎಲ್ಲ ಗೊತ್ತಿರುತ್ತದೆ, ಬಾಯಿಬಿಟ್ಟು ಹೇಳುವ ಕಷ್ಟ ಇರುವುದಿಲ್ಲ.

ಮುದುಕಮ್ಮ ಅದೇ ಮನೆಯ ಅದೇ ಕಟ್ಟೆಯ ಮೇಲೆ ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು. ಕೂದಲು ನರೆತಿತ್ತು. ತಲೆಯೆತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು.

"ಗ್ಯಾನಿ ಅಲ್ಲೇನು? ಬಾ, ಒಳಗ ಬಾ. ಎಷ್ಟು ಎತ್ತರ ಬೆಳದೀಯಬೇ!"

ಆ ಎತ್ತರದ ಮಾತಿಗೇ ಗ್ಯಾನಮ್ಮ ಕುಗ್ಗಿ ಹೊಸಿಲ ಪಕ್ಕದಲ್ಲೇ ಕೂತಳು. ಮುದುಕಮ್ಮ ನೀರು ಕೊಟ್ಟಳು, ಸಾಲೆಯ ಸುದ್ದಿ ಕೇಳಿದಳು. ರದ್ದಿ ಚೀಲ ಮಸ್ಕಿಗೆ ಬಂದದ್ದನ್ನು ಕೇಳಿ, "ಅಲ್ಲಿಗೆ ಹೋಗ್ಯಾವೇನು ಅವು!" ಎಂದಳು. ಆಮೇಲೆ ತಾನೇ ಎದ್ದು ಟ್ರಂಕಿನ ಮುಚ್ಚಳ ತೆಗೆದು, ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದು ಅವಳ ಮಡಿಲಿಗೆ ಇಟ್ಟಳು. ಗಣಪತಿ ಮಾಸಿಹೋಗಿದ್ದ. ಬಿಚ್ಚಿದರೆ ಒಂಬತ್ತನೇ ಪುಟವೇ ತೆರೆದುಕೊಂಡಿತು, ಅಲ್ಲಿ ಅವಳದೇ ಕೈಯ ಮೆಣಸಿನಕಾಯಿ.

"ಅತ್ತಿ" ಎಂದಳು ಗ್ಯಾನಮ್ಮ. ಪುಸ್ತಕವನ್ನು ಅವಳತ್ತ ತಿರುಗಿಸಿ ಹಿಡಿದಳು. ಇನ್ನೊಂದು ಸಲ, "ಅತ್ತಿ, ಇದು ಕರೆವ್ವ ಹಾಕಿದ್ದಲ್ಲ. ನಾ ಹಾಕಿದ್ದು. ನಾನು ಮೊದಲು ಓದಬೇಕು ಅಂತ ಹಾಕಿದೆ. ಆಕಿ ಓದಿದ್ದ ಐತಿ ಅಂತ ಬಿಟ್ಟು ಕಾಲುವೆಗೆ ಬಂದ್ಲು. ನಾ ಹಾಕದಿದ್ರ ಆಕಿ ಮನ್ಯಾಗ ಕುಂದರ್ತಿದ್ಲು."

ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಬೈಗುಳ ಬೀಳುತ್ತದೆ, ಕೈ ಬೀಳುತ್ತದೆ ಎಂದು ಕಾದಳು. ಮುದುಕಮ್ಮ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಗೊತ್ತೈತಿ."

ಗ್ಯಾನಮ್ಮ ಬೆಚ್ಚಿ ಮುಖ ಎತ್ತಿದಳು.

"ನಾ ಬಲಗೈಯಾಕಿ. ಮೊದಲ ಸಲ ಬಲಗೈಲೆ ಬರದೆ, ಆಕಿದರಂಗ ಬರಲಿಲ್ಲ. ಚುಂಚು ಅತ್ತಾಗ ಹೋತು. ಆಮ್ಯಾಗ ಎಡಗೈಲೆ ಕಲ್ತೆ, ಮಣ್ಣಾಗ ಬರದು ಬರದು. ಹತ್ತು ವರ್ಷ ಅದನ್ನೇ ಬರದಾಕಿಗೆ, ಇದು ನನ್ನ ಮಗಳ ಕೈ ಅಲ್ಲ ಅಂತ ತಿಳಿಯಾಂಗಿಲ್ಲೇನು? ಇನ್ನೊಂದು ನೋಡಿದ್ದೆ. ಆಕಿ ಓದಿದ್ದ ಎಲ್ಲಾದರಾಗೂ ಮೆಣಸಿನಕಾಯಿ ಬಾಜೂಕ ನಿನ್ನ ಮೂರು ಚುಕ್ಕಿ ಇರ್ತಿದ್ವು. ಇದರಾಗ ಅಷ್ಟ ಇರಲಿಲ್ಲ, ಅವತ್ತು ಒಯ್ದಾಕಿ ನೀನ."

"ಮತ್ತ ಯಾಕ... ಯಾರಿಗೂ..."

"ಏನಂತ ಹೇಳ್ಲಿ? ನೀ ಸಣ್ಣಾಕಿ. ನೀನ ಬರ್ತಿ ಅಂತ ಕಾಯಾಕತ್ತಿದ್ದೆ. ಬಹಳ ದಿನ ಮಾಡಿದಿ." ಮುದುಕಮ್ಮನ ದನಿ ಸಣ್ಣಗಾಯಿತು. "ನಂದೂ ಕೇಳು. ನನ್ನ ಕೈ ಜಾರಿದಾಗ ನಾನ ಒದರಿದೆ, 'ಕೌದಿ ಬಿಡಬ್ಯಾಡಬೇ, ಬಿಟ್ಟೀ ಅಂದ್ರ ಚರ್ಮ ಸುಲೀತೀನಿ' ಅಂತ. ನನ್ನ ಮಾತು ಕೇಳಿದ್ಲು ನೋಡು. ಸಾಲ್ಯಾಗ ಮಾಸ್ತರ ಮಾತು ಕೇಳದಾಕಿ, ಅವತ್ತು ನನ್ನ ಮಾತು ಕೇಳಿದ್ಲು."

ಗ್ಯಾನಮ್ಮ ಬಿಕ್ಕಿ ಬಿಕ್ಕಿ ಅತ್ತಳು, ಹತ್ತು ವರ್ಷದವಳಾಗಿದ್ದಾಗ ಅಳದೆ ಬಿಟ್ಟದ್ದನ್ನೂ ಸೇರಿಸಿ ಅತ್ತಳು. ಮುದುಕಮ್ಮ ಅವಳ ಬೆನ್ನು ಸವರಲಿಲ್ಲ, ಸುಮ್ಮನಿರು ಅನ್ನಲೂ ಇಲ್ಲ. ಅಳು ಒಂದು ಹದಕ್ಕೆ ಬಂದ ಮೇಲೆ ಹೇಳಿದಳು.

"ಮಾಫ್ ಮಾಡೀನಿ ಅಂತ ಬಾಯಿಲೆ ಅಂದ್ರ ಸುಳ್ಳಾಗ್ತದ. ನನಗ ನಾನ ಮಾಡ್ಕೊಂಡಿಲ್ಲ, ನಿನಗೆಲ್ಲಿಂದ ಮಾಡ್ಲಿ? ಅತ್ತಿದ್ದು ಸಾಕು. ಓದು."

"ಏನು?"

"ಇದನ್ನ ಓದು. ಆಕಿ ಓದಿಲ್ಲಲ್ಲ. ಸಂಜೀಕ ಬಂದು ಗ್ಯಾನಿ ಕಥಿ ಹೇಳ್ತಾಳ ಅಂತ ಕಾಲುವಿ ದಾರ್ಯಾಗ ನನ್ನ ಮುಂದ ಹೇಳಿದ್ಲು. ಜೋರಾಗಿ ಓದು, ಆಕಿಗೂ ಕೇಳ್ಲಿ."

ಗ್ಯಾನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊದಲ ಪುಟ ತೆಗೆದಳು. ಕತ್ತಲೆ ಕವಿದ ಊರು, ಪಾಳುಬಾವಿ, ಗೋಡೆಯ ಕೈಗಳು. ಒಂಬತ್ತನೇ ಪುಟಕ್ಕೆ ಬಂದು ನಿಂತಳು. "ಮುಂದ" ಎಂದಳು ಮುದುಕಮ್ಮ. ಹತ್ತನೇ ಪುಟದಲ್ಲಿ ಹುಡುಗಿ ದೀಪ ಹಿಡಿದಳು, ಹದಿನೆಂಟರಲ್ಲಿ ಕೈಗಳು ಅವಳನ್ನೇ ಮೇಲಕ್ಕೆ ಎತ್ತಿ ಕೊಟ್ಟವು. ಕೊನೆಯ ಪುಟದಲ್ಲಿ ಅವಳು ದೀಪದೊಂದಿಗೆ ಮನೆಗೆ ಬಂದರೆ, ತಾಯಿ ಬಾಗಿಲಲ್ಲೇ ನಿಂತು, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ, ಅನ್ನ ಆರಿಹೋಯಿತು ಎಂದು ಗದರುತ್ತಾಳೆ. ಅಲ್ಲಿಗೆ ಕಥೆ ಮುಗಿದಿತ್ತು.

ಮುದುಕಮ್ಮ ಫಕ್ಕನೆ ನಕ್ಕಳು. "ಹೌದು ಮತ್ತ, ಬೈಬೇಕಲ್ಲ!" ಎಂದಳು. ನಗುತ್ತಲೇ ಅವಳ ಕಣ್ಣಿಂದ ನೀರು ಇಳಿಯಿತು, ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

ಆಮೇಲೆ ಟ್ರಂಕಿನ ಸಂದಿಯಿಂದ ಒಂದು ಮೋಟು ಪೆನ್ಸಿಲ್ ತೆಗೆದಳು. ಒಂಬತ್ತನೇ ಪುಟ ತೆರೆಸಿ, ಹಳೆಯ ಗುರುತಿನ ಕೆಳಗೆ ಎಡಗೈಯಿಂದ ನಿಧಾನವಾಗಿ ಬರೆದಳು. ತೊಟ್ಟು, ಹೊಟ್ಟೆ, ಎಡಕ್ಕೆ ಬಾಗಿದ ಚುಂಚು.

"ಇದೊಂದು ಈಗ ಓದಿದಂಗಾತು. ಉಳಿದಾವಕ್ಕ ಬರೇ ಗುರುತು ಹಾಕೀನಿ, ಯಾರೂ ಓದಿ ಹೇಳಿಲ್ಲ. ನಿನ್ನ ಸಾಲ್ಯಾಗ ಅದಾವಂದಿ. ಮುಂದಿನ ಶನಿವಾರ ಒಂದು ತಗೊಂಡು ಬಾ."

"ಒಂದು ಚೀಲ ಅದಾವ ಅತ್ತಿ."

"ಇರ್ಲಿ. ಶನಿವಾರಗಳೂ ಬಹಳ ಅದಾವ." ಪೆನ್ಸಿಲನ್ನು ಅವಳತ್ತ ಚಾಚಿದಳು. "ತಗೋ, ನಿಂದೂ ಹಾಕು."

ಗ್ಯಾನಮ್ಮ ಮೆಣಸಿನಕಾಯಿಯ ಪಕ್ಕದಲ್ಲಿ ಮೂರು ಚುಕ್ಕಿ ಇಟ್ಟಳು.